ಹನ್ನೆರಡನೇ ದಿನ ಬಾಗಿಲು ತಟ್ಟೋರು ಯಾರು?

ನಮ್ಮ ಕಚೇರಿಗೆ ಬೆಳಗಿನ ಹೊತ್ತು ಬರುವವರಲ್ಲಿ ಎರಡು ಬಗೆ. ನಲ್ಲಿಯಲ್ಲಿ ನೀರಿಲ್ಲ, ಮೋರಿ ಕಟ್ಟಿಕೊಂಡಿದೆ, ನೀವೇನ್ರೀ ಬರೀತೀರಿ ಎಂದು ಜಗಳಕ್ಕೇ ಬರುವವರು ಒಂದು ಬಗೆ. ಸದ್ದಿಲ್ಲದೆ ಬಂದು, ಜೇಬಿನಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಡುವವರು ಇನ್ನೊಂದು ಬಗೆ. ಇವರನ್ನು ಏನು ಬೇಕು ಎಂದು ನಾವು ಕೇಳುವುದಿಲ್ಲ. ಕುರ್ಚಿ ತೋರಿಸುತ್ತೇವೆ.

ಹೋದ ವರ್ಷ ಹಾಗೆ ಬಂದವರು ಮೈಸೂರಿನವರೇ ಆದ ಒಬ್ಬ ನಿವೃತ್ತ ಕಂಡಕ್ಟರು. ಹೆಂಡತಿ ತೀರಿಕೊಂಡು ಎರಡು ದಿನ. ತಂದಿದ್ದು ಯಾರದೋ ಮದುವೆಯ ಗುಂಪು ಫೋಟೋ. ಹಿಂದಿನ ಸಾಲಿನಲ್ಲಿ, ಇನ್ಯಾರದೋ ಭುಜದ ಮರೆಯಿಂದ ಕಾಣುವ ಅರ್ಧ ಮುಖ.

"ಆಧಾರ್ ಕಾರ್ಡಲ್ಲಿ ಒಂದಿದೆ ಸಾರ್. ಆದ್ರೆ ಅದು ಅವಳಲ್ಲ. ಅವಳು ಹಾಗಿರ್ಲಿಲ್ಲ. ಇದನ್ನೇ ಹಾಕಿ."

ಅರ್ಧ ಮುಖವನ್ನೇ ಹಾಕಿದೆವು.

ಅವರು ಮತ್ತೆ ಬಂದದ್ದು ಎರಡು ವಾರ ಕಳೆದ ಮೇಲೆ, ಜಾಹೀರಾತಿನ ಬಾಕಿ ಕೊಡಲು. ದುಡ್ಡು ಎಣಿಸಿ ಕೊಟ್ಟರು, ರಸೀದಿ ಮಡಿಸಿ ಇಟ್ಟುಕೊಂಡರು. ಏಳಲಿಲ್ಲ.

"ಹನ್ನೊಂದು ದಿನ ಏನೂ ಗೊತ್ತಾಗ್ಲಿಲ್ಲ ಸಾರ್. ಮನೆ ತುಂಬ ಜನ. ಹನ್ನೆರಡನೇ ದಿನ ಬೆಳಿಗ್ಗೆ ಹಾಲಿನ ಹುಡುಗ ಬಂದ. 'ಇನ್ಮೇಲೆ ಒಂದೇ ಪ್ಯಾಕೆಟ್ ಸಾಕಾ ಅಂಕಲ್?' ಅಂದ. ಏನು ಹೇಳ್ಬೇಕೋ ತಿಳೀಲಿಲ್ಲ. ಎರಡೇ ಹಾಕಪ್ಪ ಅಂದ್ಬಿಟ್ಟೆ. ದಿನಾ ಒಂದು ಪ್ಯಾಕೆಟ್ ಕೆಡ್ತಾ ಇದೆ."

ಸಂಪಾದಕರಿಂದ ಹಿಡಿದು ಟೀ ತರುವ ಹುಡುಗನವರೆಗೆ ಯಾರಿಗೂ ಮಾತು ಹೊರಡಲಿಲ್ಲ.

ನಮ್ಮ ಹಿರಿಯರು ಬುದ್ಧಿವಂತರು. ಸಾವಿನ ಮನೆಯಲ್ಲಿ ಯಾರನ್ನೂ ಸುಮ್ಮನೆ ಕೂರಲು ಬಿಡಬಾರದು ಎಂದು ಅವರಿಗೆ ಗೊತ್ತಿತ್ತು. ಮೂರನೇ ದಿನ ಹಾಲು ತುಪ್ಪ. ಅಸ್ಥಿ ತೆಗೆದುಕೊಂಡು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಬೇಕು. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನು ಬಿಟ್ಟ ಅದೇ ಕಾವೇರಿ ನೀರಿಗೆ ಬಡವರದ್ದೂ ಸೇರುತ್ತದೆ. ಆಮೇಲೆ ಶಾಮಿಯಾನದವನಿಗೆ ಹೇಳಬೇಕು, ಎಲೆ ಎಷ್ಟು ಬೇಕು ಎಣಿಸಬೇಕು, ಮುನಿಸಿಕೊಂಡ ನೆಂಟರನ್ನು ಕರೆಯಬೇಕು. ಒಲೆ ಹಚ್ಚದ ಮನೆಗೆ ಅಕ್ಕಪಕ್ಕದವರೇ ಅನ್ನ ತರುತ್ತಾರೆ. ಕೈಗೆ ಕೆಲಸ ಇರುವತನಕ ದುಃಖ ಹೊಸ್ತಿಲ ಆಚೆಯೇ ಕಾಯುತ್ತದೆ. ಕೆಲವರಲ್ಲಿ ಇದು ಹನ್ನೊಂದು ದಿನ, ಕೆಲವರಲ್ಲಿ ಹದಿಮೂರು, ಮುಸ್ಲಿಂ ಮನೆಗಳಲ್ಲಿ ನಲವತ್ತನೇ ದಿನವೂ ಉಂಟು. ಲೆಕ್ಕ ಬೇರೆ, ಉಪಾಯ ಒಂದೇ.

ಆದರೆ ಶಾಸ್ತ್ರ ಮುಗಿದ ಮಾರನೇ ದಿನಕ್ಕೆ ಶಾಸ್ತ್ರವಿಲ್ಲ! ಶಾಮಿಯಾನದವನು ಗೂಟ ಕಿತ್ತುಕೊಂಡು ಹೋಗುತ್ತಾನೆ, ಬಾಗಿಲ ಮುಂದೆ ಗುಂಡಿ ಉಳಿಯುತ್ತದೆ. ನಿಜವಾದ ಸಾವು ಮನೆಯೊಳಕ್ಕೆ ಕಾಲಿಡುವುದು ಅವತ್ತು.

ನಮ್ಮ ಕಂಡಕ್ಟರ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಹೆಂಡತಿಯ ಪಾಸ್‌ಬುಕ್ಕಿಗೆ ನಾಮಿನಿ ಇರಲಿಲ್ಲ. ಅದಕ್ಕಾಗಿ ಅಲೆದು ಅಲೆದು ಅವರು ಒಂದಷ್ಟು ಕಲಿತರು. 1969ರ ಕಾಯಿದೆ ಪ್ರಕಾರ ಸಾವನ್ನು 21 ದಿನದೊಳಗೆ ತಿಳಿಸಿ ನೋಂದಣಿ ಮಾಡಿಸಬೇಕು. ಮನೆಯಲ್ಲೇ ಪ್ರಾಣ ಹೋಗಿದ್ದರೆ ಆ ಹೊಣೆ ಮನೆಯ ಯಜಮಾನರದ್ದು. ಅಷ್ಟರೊಳಗೆ ಹೋದರೆ ಶುಲ್ಕವಿಲ್ಲ. ತಡವಾದರೆ ದಂಡ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. ಅಳುವ ಮನೆಯಲ್ಲಿ ಇದು ಯಾರಿಗೆ ನೆನಪಿರುತ್ತೆ ಹೇಳಿ?

ಇನ್ನೊಂದು ವಿಷಯವಂತೂ ಅವರನ್ನು ಈಗಲೂ ಚುಚ್ಚುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. 2006ರಲ್ಲಿ ಅವರ ತಂದೆಯವರ ಕಣ್ಣುಗಳನ್ನೂ ದಾನ ಮಾಡಿದ್ದರು. ಇದನ್ನೆಲ್ಲ ಕಂಡಕ್ಟರೂ ಪೇಪರಿನಲ್ಲಿ ಓದಿದ್ದವರೇ. ಆದರೆ ಅವತ್ತು ತಮ್ಮ ಮನೆಯಲ್ಲಿ ಅದು ಹೊಳೆಯಲೇ ಇಲ್ಲ.

"ಅವಳು ಸಾಯೋವರೆಗೂ ಕನ್ನಡಕ ಇಲ್ಲದೆ ಸೂಜಿಗೆ ದಾರ ಪೋಣಿಸ್ತಿದ್ಲು ಸಾರ್. ಆ ಕಣ್ಣನ್ನ ಸುಟ್ಬಿಟ್ಟೆ."

ಉಸಿರು ನಿಂತ ಆರು ಗಂಟೆಯೊಳಗೆ ಕಣ್ಣಿನ ಬ್ಯಾಂಕಿನವರು ಬರಬೇಕು. ಅಲ್ಲಿಯತನಕ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟಿದ್ದರೆ ಸಾಕು. ಹೋದವರು ಮೊದಲೇ ಬರೆದುಕೊಟ್ಟಿರಬೇಕೆಂದೇನಿಲ್ಲ, ಮನೆಯವರು ಒಪ್ಪಿದರೆ ಆಯಿತು. ವಯಸ್ಸಾಗಿದ್ದರೂ, ಪೊರೆ ತೆಗೆಸಿದ್ದರೂ ಅಡ್ಡಿಯಿಲ್ಲ. ರೇಬಿಸ್, ಎಚ್.ಐ.ವಿ.ಯಂಥ ಕೆಲವು ಸೋಂಕಿದ್ದವರ ಕಣ್ಣು ಮಾತ್ರ ತೆಗೆದುಕೊಳ್ಳುವುದಿಲ್ಲ. ಮುಖವೂ ವಿಕಾರವಾಗುವುದಿಲ್ಲ.

ಈಗ ಆ ಬಡಾವಣೆಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಫೋನ್ ಹೋಗುವುದು ನಮ್ಮ ಕಂಡಕ್ಟರಿಗೆ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಾರೆ. ಫ್ಯಾನ್ ಆರಿಸುತ್ತಾರೆ, ಹತ್ತಿ ಕೇಳುತ್ತಾರೆ, ಹಿರಿಯ ಮಗನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ವಿಷಯ ಎತ್ತುತ್ತಾರೆ. ಕೆಲವರು ಒಪ್ಪುತ್ತಾರೆ. ಕೆಲವರು, "ಇಂಥಾ ಹೊತ್ತಲ್ಲಿ ಏನ್ರೀ ನಿಮ್ಮ ಮಾತು?" ಎಂದು ಗದರುತ್ತಾರೆ. ಬೈಸಿಕೊಂಡು ಬರುತ್ತಾರೆ. ನೋಂದಣಿಗೆ ಜೊತೆಯಲ್ಲಿ ಹೋಗಿ ಸಾಲಿನಲ್ಲಿ ನಿಲ್ಲುತ್ತಾರೆ. ಬೈದವರ ಜೊತೆಗೂ.

ಆಮೇಲೆ ದಿನ ಎಣಿಸುತ್ತಾರೆ. ಹನ್ನೆರಡನೇ ದಿನ ಬೆಳಿಗ್ಗೆ, ಆ ಎರಡನೇ ಪ್ಯಾಕೆಟ್ ಹಾಲು ಹಿಡಿದುಕೊಂಡು ಹೋಗಿ ಬಾಗಿಲು ತಟ್ಟುತ್ತಾರೆ. "ಕಾಫಿ ಮಾಡಮ್ಮ, ಕುಡಿದು ಹೋಗ್ತೀನಿ" ಅನ್ನುತ್ತಾರೆ. ಸಮಾಧಾನ ಗಿಮಾಧಾನ ಏನೂ ಹೇಳುವುದಿಲ್ಲ. ಕಾಫಿ ಮಾಡಲಾದರೂ ಆ ಮನೆಯವರು ಏಳಬೇಕಲ್ಲ, ಒಲೆ ಹಚ್ಚಬೇಕಲ್ಲ.

ನೋವು ಕಡಿಮೆ ಆಯಿತಾ ಎಂದು ನಾವು ಒಮ್ಮೆ ಕೇಳಿದೆವು.

"ಇಲ್ಲ ಸಾರ್. ಹಾಲು ಕೆಡೋದು ನಿಂತಿತು, ಅಷ್ಟೆ."

ಸಾವಿನ ಬಗ್ಗೆ ವೇದಾಂತ ಹೇಳುವವರಿಗೆ ನಮ್ಮ ಊರಿನಲ್ಲಿ ಕೊರತೆಯಿಲ್ಲ. ಹೋದವರು ಹೋದರು, ನಾವೂ ಒಂದು ದಿನ ಹೋಗುವವರೇ ಎನ್ನುವ ಮಾತನ್ನು ಮಸಣದ ಬಾಗಿಲಲ್ಲಿ ಎಲ್ಲರೂ ಆಡುತ್ತಾರೆ. ಸ್ನಾನ ಮಾಡಿದ ಮೇಲೆ ಮರೆಯುತ್ತಾರೆ. ಬದುಕಿದವರು ಹೇಗೆ ಬದುಕಬೇಕು ಎಂಬ ಪ್ರಶ್ನೆಗೆ ನಮ್ಮ ಕಂಡಕ್ಟರ ಉತ್ತರ ಅರ್ಧ ಲೀಟರಿನದು. ಅದಕ್ಕಿಂತ ದೊಡ್ಡ ಉತ್ತರ ನಮಗಂತೂ ಸಿಕ್ಕಿಲ್ಲ.

ಓದುಗರೇ, ಇವತ್ತಿನ ನಮ್ಮ ಪತ್ರಿಕೆಯ ಕೊನೇ ಪುಟದಲ್ಲೂ ಫೋಟೋಗಳಿವೆ. ಗುರುತಿನವರಿದ್ದರೆ ಇಂದೋ ನಾಳೆಯೋ ಹೇಗೂ ಹೋಗಿ ಬರುತ್ತೀರಿ. ಅದಿರಲಿ. ಕ್ಯಾಲೆಂಡರಿನಲ್ಲಿ ಹನ್ನೆರಡನೇ ದಿನಕ್ಕೂ ಒಂದು ಗುರುತು ಹಾಕಿಡಿ.