ಕೆಟ್ಟಿರುವುದು ಪೆಟ್ಟಿಗೆಯೋ, ಕಿವಿಯೋ?

ರಕ್ತದೊತ್ತಡದ ಮಾತ್ರೆ ಮುಗಿಯಿತೆಂದು ಚೀಟಿ ಬರೆಸಿಕೊಳ್ಳಲು ಬಂದಿದ್ದ ಐವತ್ತಾರು ವರ್ಷದ ಸರ್ಕಾರಿ ನೌಕರರೊಬ್ಬರು ಬಾಗಿಲವರೆಗೆ ಹೋಗಿ ಮತ್ತೆ ಹಿಂದಿರುಗಿದರು. "ಡಾಕ್ಟ್ರೇ, ನಿಮಗೂ ಸಂಗೀತದ ಹುಚ್ಚು ಇದೆಯಲ್ಲ, ಅದಕ್ಕೇ ಕೇಳ್ತಿದೀನಿ. ಮಗ ದುಡ್ಡು ಕಳಿಸಿದ ಅಂತ ಸ್ಟುಡಿಯೋ ಮಾನಿಟರ್ ಸ್ಪೀಕರ್ ಒಂದು ಜೊತೆ ತಗೊಂಡೆ. ಎರಡು ತಿಂಗಳು ಬಹಳ ಚೆನ್ನಾಗಿತ್ತು. ಹೋದ ವಾರ ಬೆಳಿಗ್ಗೆ ಎದ್ದು ಹಾಕಿದರೆ ಎಡಗಡೇದು ಸತ್ತೇ ಹೋಗಿದೆ. ಅಂಗಡಿಯವನು ಪಾಪ, ಬೇರೆ ಪೆಟ್ಟಿಗೆ ಕೊಟ್ಟ. ಅದೂ ಹಾಗೇ. ವೈರು ಬದಲಾಯಿಸಿದೆ, ಪ್ಲಗ್ಗು ಬದಲಾಯಿಸಿದೆ. ಇನ್ನು ಕಂಪನಿಯನ್ನೇ ಬದಲಾಯಿಸಬೇಕು ಅಂತಿದೀನಿ. ಯಾವುದು ತಗೊಳ್ಳಲಿ?"

"ಫೋನು ಯಾವ ಕಿವಿಗೆ ಇಟ್ಟುಕೊಳ್ತೀರಿ ಸಾರ್?" ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿದರು. "ಮೊದಲಿಂದಲೂ ಎಡಕ್ಕೇ. ಈಗ ಒಂದು ವಾರದಿಂದ ಅದ್ಯಾಕೋ ಬಲಕ್ಕೆ ಇಟ್ಕೊಳ್ತಿದೀನಿ."

ಕೂರಿಸಿ ಕಿವಿ ನೋಡಿದೆ. ಗುಗ್ಗೆ ಇರಲಿಲ್ಲ, ತಮಟೆ ಚೆನ್ನಾಗಿಯೇ ಇತ್ತು. ಶ್ರುತಿಕವಲನ್ನು ತಟ್ಟಿ ಹಣೆಯ ನಡುವೆ ಇಟ್ಟಾಗ ಅದರ ನಾದ ಬಲಗಿವಿಯಲ್ಲಿ ಮಾತ್ರ ಕೇಳುತ್ತಿದೆ ಎಂದರು. ಗುಗ್ಗೆಯಿಂದಲೋ ನೆಗಡಿಯಿಂದಲೋ ಎಡಗಿವಿ ಕಟ್ಟಿಕೊಂಡಿದ್ದರೆ ಆ ನಾದ ಎಡಕ್ಕೇ ವಾಲಬೇಕಿತ್ತು. ಒಳ್ಳೆಯ ಕಿವಿಯ ಕಡೆಗೆ ವಾಲಿತೆಂದರೆ ತೊಂದರೆ ಇರುವುದು ಒಳಕಿವಿಯಲ್ಲಿ ಅಥವಾ ನರದಲ್ಲಿ. ಅಂದೇ ಅವರನ್ನು ಕಿವಿ, ಮೂಗು, ಗಂಟಲು ತಜ್ಞರ ಬಳಿಗೆ ಕಳಿಸಿದೆ.

ಇದಕ್ಕೆ ಹಠಾತ್ ಶ್ರವಣನಷ್ಟ ಎಂದು ಹೆಸರು. ಒಂದು ರಾತ್ರಿಯಲ್ಲಿ ಅಥವಾ ಎರಡು ಮೂರು ದಿನಗಳಲ್ಲಿ ಒಂದು ಕಿವಿ ಮಂದವಾಗಿಬಿಡುತ್ತದೆ. ಜೊತೆಗೆ ಗುಂಯ್‌ಗುಡುವ ಶಬ್ದ, ಕೆಲವರಿಗೆ ತಲೆಸುತ್ತು. ಬಹುಪಾಲು ಜನರಲ್ಲಿ ಕಾರಣ ಪತ್ತೆಯಾಗುವುದೇ ಇಲ್ಲ. ಸ್ಪೀಕರಿನಿಂದ ಬಂದದ್ದಂತೂ ಅಲ್ಲ. ಸ್ಟೀರಾಯ್ಡ್ ಚಿಕಿತ್ಸೆಯನ್ನು ಮೊದಲ ಕೆಲವು ದಿನಗಳಲ್ಲೇ ಆರಂಭಿಸಿದರೆ ಫಲ ಸಿಗುವ ಸಾಧ್ಯತೆ ಹೆಚ್ಚು. ಎರಡು ವಾರ ಕಳೆದರೆ ಅದು ಬಹಳ ಕಡಿಮೆ. ಇವರು ಆ ಅಮೂಲ್ಯವಾದ ಏಳು ದಿನಗಳನ್ನು ಅಂಗಡಿಗೂ ಮನೆಗೂ ಪೆಟ್ಟಿಗೆ ಹೊರುವುದರಲ್ಲಿ ಕಳೆದಿದ್ದರು.

ಆದ್ದರಿಂದ ಓದುಗರೇ, ಸ್ಪೀಕರ್ ಆಯ್ಕೆಯ ಮಾತಿಗೆ ಮೊದಲು ಕಾಸು ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಹೇಳಿಬಿಡುತ್ತೇನೆ. ಸಂಗೀತ ಒಂದೇ ಕಡೆ ವಾಲಿದಂತೆ ಕೇಳಿಸಿದರೆ ನಿಮ್ಮ ಕುರ್ಚಿಯನ್ನು ತಿರುಗಿಸಿ, ಪೆಟ್ಟಿಗೆಗಳಿಗೆ ಬೆನ್ನು ಮಾಡಿ ಕುಳಿತುಕೊಳ್ಳಿ. ಎಡಗಿವಿಯ ಕಡೆ ಇದ್ದ ಮಂದಧ್ವನಿ ಈಗ ಬಲಗಿವಿಯ ಕಡೆಗೆ ಬಂದರೆ ಕೆಟ್ಟಿರುವುದು ಪೆಟ್ಟಿಗೆ, ಅಂಗಡಿಗೆ ಹೋಗಿ. ತಿರುಗಿ ಕುಳಿತರೂ ಎಡಗಿವಿಯೇ ಮಂದವಾಗಿದ್ದರೆ ಡಾಕ್ಟರ ಬಳಿಗೆ ಹೋಗಿ, ಅಂದೇ ಹೋಗಿ. ಬರಿಯ ಗುಗ್ಗೆಯೇ ಇದ್ದರೂ ಇರಬಹುದು. ಅದನ್ನು ಕಡ್ಡಿ, ಪಿನ್ನು ಹಾಕಿ ನೀವೇ ತೆಗೆಯುವ ಸಾಹಸ ಬೇಡ.

ಇನ್ನು ಮಾನಿಟರ್ ವಿಚಾರ. ನಮ್ಮ ಮೈಸೂರಿನಲ್ಲೂ ಈಗ ಬಹಳ ಮನೆಗಳಲ್ಲಿ ಇದು ಕಾಣಿಸುತ್ತಿದೆ. ಹಳೆಯ ಪದ್ಧತಿಯಲ್ಲಿ ಆಂಪ್ಲಿಫೈಯರ್ ಬೇರೆ, ಸ್ಪೀಕರ್ ಬೇರೆ. ಪವರ್ಡ್ ಮಾನಿಟರಿನಲ್ಲಿ ಆಂಪ್ಲಿಫೈಯರ್ ಪೆಟ್ಟಿಗೆಯ ಒಳಗೇ ಕುಳಿತಿರುತ್ತದೆ. ಹಾಡು ಮುದ್ರಿಸುವವರು ಮೇಜಿನ ಮೇಲಿಟ್ಟುಕೊಂಡು, ಮೂರು ನಾಲ್ಕು ಅಡಿ ದೂರದಿಂದ ಕೇಳಿ ತಪ್ಪು ಹುಡುಕಲೆಂದು ಇವನ್ನು ಮಾಡಿರುತ್ತಾರೆ. ಇದರಲ್ಲೊಂದು ತಮಾಷೆಯ ಚರಿತ್ರೆಯೂ ಇದೆ. 1978ರಲ್ಲಿ ಯಮಾಹಾ ಕಂಪನಿ ಎನ್‌ಎಸ್-10 ಎಂಬ ಬಿಳಿ ಕೋನಿನ ಸ್ಪೀಕರನ್ನು ಮನೆಯಲ್ಲಿ ಕೇಳುವವರಿಗೆಂದೇ ಹೊರತಂದಿತು. ಮನೆಯವರು ಅಷ್ಟಾಗಿ ಮೆಚ್ಚಲಿಲ್ಲ, ಸ್ಟುಡಿಯೋದವರು ಅದನ್ನೇ ಹಿಡಿದುಕೊಂಡರು. ಅದರ ಮೇಲುಸ್ವರ ಎಷ್ಟು ಚುಚ್ಚುತ್ತಿತ್ತೆಂದರೆ ಚಿಕ್ಕ ಕೋನಿನ ಮುಂದೆ ಟಿಶ್ಯೂ ಕಾಗದ ಅಂಟಿಸಿಕೊಂಡು ಕೆಲಸ ಮಾಡಿದವರಿದ್ದರು!

ತಪ್ಪು ಹುಡುಕುವ ಪೆಟ್ಟಿಗೆ ಮನೆಗೆ ಬಂದರೆ ಇಲ್ಲಿಯೂ ತಪ್ಪು ಹುಡುಕುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಿಕೆ ಹಾಕಿದರೆ ಗಾಯನದ ಜೊತೆಗೆ ಟೇಪಿನ ಸುಯ್ ಎಂಬ ಸದ್ದೂ ಸ್ಪಷ್ಟವಾಗಿ ಕೇಳುತ್ತದೆ. ಮನೆಯಲ್ಲಿ ಹಳೆಯ ಚಿತ್ರಗೀತೆಗಳೇ ಹೆಚ್ಚು ಓಡುವುದಾದರೆ ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಕೆಲವು ಮಾನಿಟರುಗಳ ಬೆನ್ನಿಗೆ ಮೇಲುಸ್ವರವನ್ನು ತಗ್ಗಿಸುವ ಒಂದು ಸ್ವಿಚ್ಚು ಇರುತ್ತದೆ. ಅಂಥದ್ದನ್ನೇ ಆರಿಸಿ. ಹತ್ತಿರ ಕುಳಿತು ಕೇಳುವಾಗ ಚೂಪು ಸ್ವರ ಕಿವಿಯನ್ನು ಬೇಗ ದಣಿಸುತ್ತದೆ.

ಆಯ್ಕೆಗೆ ಹೋದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ "ಎಷ್ಟು ವ್ಯಾಟು?" ನಾನೂ ಒಮ್ಮೆ ಹೀಗೆಯೇ ಮೋಸ ಹೋದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಗಡಿಯೊಂದರಲ್ಲಿ ಎರಡು ಜೊತೆ ಸ್ಪೀಕರ್ ಹೋಲಿಸಿ ನೋಡಿದೆ. ಎರಡನೆಯದು ಸೊಗಸಾಗಿ ಕಂಡಿತು, ಹೊತ್ತುತಂದೆ. ಮನೆಯಲ್ಲಿ ಒಂದು ವಾರ ಕೇಳಿದ ಮೇಲೆ ಗೊತ್ತಾಯಿತು: ಅದು ಸೊಗಸಾಗಿರಲಿಲ್ಲ, ಜೋರಾಗಿತ್ತು, ಅಷ್ಟೆ. ಒಂದೇ ಹಾಡನ್ನು ಸ್ವಲ್ಪ ಜೋರಾಗಿ ನುಡಿಸಿದರೆ ಅದೇ ಉತ್ತಮವೆಂದು ನಮ್ಮ ಮಿದುಳು ತೀರ್ಪು ಕೊಟ್ಟುಬಿಡುತ್ತದೆ. ಆದ್ದರಿಂದ ಎರಡನ್ನೂ ಒಂದೇ ಮಟ್ಟಕ್ಕೆ ತರಿಸಿ ಕೇಳಿ. 50 ವ್ಯಾಟಿನಿಂದ 100 ವ್ಯಾಟಿಗೆ ಹೋದರೆ ಸಿಗುವುದು 3 ಡೆಸಿಬಲ್ ಮಾತ್ರ. ಕಿವಿಗೆ ಇಮ್ಮಡಿ ಜೋರೆನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ವ್ಯಾಟು ಬೇಕು. ಹತ್ತು ಅಡಿಗೆ ಹನ್ನೆರಡು ಅಡಿಯ ನಮ್ಮ ಕೋಣೆಗಳಿಗೆ ನಾಲ್ಕು ಅಥವಾ ಐದು ಇಂಚು ಕೋನಿನ ಜೊತೆ ಧಾರಾಳವಾಗಿ ಸಾಕು. ಎಂಟು ಇಂಚಿನದು ದೊಡ್ಡ ಹಾಲ್ ಇರುವವರಿಗಿರಲಿ.

ಈಗ ಸ್ವಲ್ಪ ಕಿವಿಯ ಒಳಗೆ ಹೋಗೋಣ. ಬಸವನ ಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳಿವೆ, ಪ್ರತಿ ಕಿವಿಗೆ ಸುಮಾರು 15,000. ಚರ್ಮ ಸುಲಿದರೆ ಮತ್ತೆ ಬೆಳೆಯುತ್ತದೆ, ಮೂಳೆ ಮುರಿದರೆ ಕೂಡುತ್ತದೆ. ಈ ಕೋಶಗಳು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಅತಿಶಬ್ದಕ್ಕೆ ಮೊದಲು ಬಲಿಯಾಗುವುದು ಸಾಮಾನ್ಯವಾಗಿ 4,000 ಹರ್ಟ್ಸ್ ಆಸುಪಾಸಿನ ಮೇಲುಸ್ವರ ಹಿಡಿಯುವ ಕೋಶಗಳು. ಹೀಗಾಗಿ ಆರಂಭದಲ್ಲಿ ಕಿವುಡು ಎಂದು ಯಾರಿಗೂ ಅನಿಸುವುದಿಲ್ಲ. ಮೃದಂಗ ಚೆನ್ನಾಗಿಯೇ ಕೇಳುತ್ತದೆ. ಸ, ಶ, ತ ಅಕ್ಷರಗಳು ಮಾತ್ರ ಜಾರಿಹೋಗುತ್ತವೆ. "ರಾಗ ಕೇಳುತ್ತೆ, ಸಾಹಿತ್ಯ ತಿಳಿಯಲ್ಲ, ಈಗಿನವರಿಗೆ ಉಚ್ಚಾರಣೆಯೇ ಇಲ್ಲ" ಎನ್ನುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಗಾಯಕರನ್ನು ಬೈಯುವ ಮೊದಲು ಅವರ ಶ್ರವಣ ಪರೀಕ್ಷೆ ಮಾಡಿಸಿ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಈ ಕೆಲಸ ಮಾಡುತ್ತಿದೆ. ಬೇರೆ ಊರಿನವರಿಗೆ ಜಿಲ್ಲಾ ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಕೇಳಿದರೆ ದಾರಿ ತಿಳಿಯುತ್ತದೆ.

ಇಂಥ ಹಿರಿಯರಿಗೆ ಇನ್ನೊಂದು ಕಷ್ಟವಿದೆ. ಮೆಲ್ಲಗೆ ಹೇಳಿದರೆ ಕೇಳುವುದಿಲ್ಲ, ಕೊಂಚ ಏರಿಸಿದರೆ "ಯಾಕೆ ಕಿರುಚ್ತೀಯ" ಎನ್ನುತ್ತಾರೆ. ಸೊಸೆಯಂದಿರು ಇದನ್ನು ಹಠವೆಂದು ತಿಳಿಯುತ್ತಾರೆ. ಹಠವಲ್ಲ. ಒಳಕಿವಿ ಕ್ಷೀಣಿಸಿದಾಗ ಕೇಳಿಸುವುದಕ್ಕೂ ಸಹಿಸಲಾಗದಿರುವುದಕ್ಕೂ ನಡುವಿನ ಅಂತರವೇ ಕಿರಿದಾಗುತ್ತದೆ. ಇವರಿಗೆ ದೊಡ್ಡ ಸ್ಪೀಕರ್ ಪರಿಹಾರವಲ್ಲ. ಚಿಕ್ಕ ಮಾನಿಟರನ್ನು ಹತ್ತಿರಕ್ಕೆ ತಂದು ಮೆಲುದನಿಯಲ್ಲಿ ಇಟ್ಟರೆ ಕೋಣೆಯ ಪ್ರತಿಧ್ವನಿ ಕಡಿಮೆಯಾಗಿ ಅಕ್ಷರ ತಿಳಿಯಾಗಿ ಕೇಳುತ್ತದೆ. ಮಾನಿಟರುಗಳು ಮನೆಗೆ ಮಾಡುವ ನಿಜವಾದ ಉಪಕಾರ ಇದೇ ಎಂದು ನನ್ನ ಅಭಿಪ್ರಾಯ.

ಎಷ್ಟು ಜೋರು ಸರಿ? ತೋಳಳತೆಯ ದೂರದ ಮಾತುಕತೆ ಸುಮಾರು 60 ಡೆಸಿಬಲ್. ವಿಶ್ವ ಆರೋಗ್ಯ ಸಂಸ್ಥೆ ಕಿವಿಗೆ ಹಾಕಿಕೊಳ್ಳುವ ಸಾಧನಗಳಿಗೆ ಹಾಕಿಕೊಟ್ಟಿರುವ ಲೆಕ್ಕವೆಂದರೆ ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75ರಲ್ಲಿ ಅಷ್ಟೇ ಗಂಟೆ. ಪ್ರತಿ 3 ಡೆಸಿಬಲ್ ಏರಿಕೆಗೆ ಸಮಯ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. 90ಕ್ಕೆ ಹೋದರೆ ಇಡೀ ವಾರಕ್ಕೆ 4 ಗಂಟೆ ಮಾತ್ರ. ಶಬ್ದ ಬಂದದ್ದು ಇಯರ್‌ಫೋನಿನಿಂದಲೋ ಪೆಟ್ಟಿಗೆಯಿಂದಲೋ ಎಂದು ರೋಮಕೋಶ ವಿಚಾರಿಸುವುದಿಲ್ಲ, ಆದ್ದರಿಂದ ನಾನು ಇದೇ ಲೆಕ್ಕವನ್ನು ಮನೆಗೂ ಹೇಳುತ್ತೇನೆ. ಮೊಬೈಲ್ ಫೋನಿನಲ್ಲಿ ಶಬ್ದ ಅಳೆಯುವ ಆ್ಯಪ್ ಸಿಗುತ್ತದೆ. ಕರಾರುವಾಕ್ಕಲ್ಲದಿದ್ದರೂ ಅಂದಾಜಿಗೆ ಸಾಕು. ಅಳೆಯುವಾಗ ಯಜಮಾನರ ಕುರ್ಚಿಯಲ್ಲಿ ಮಾತ್ರ ಅಳೆಯಬೇಡಿ. ಪೆಟ್ಟಿಗೆಯ ಪಕ್ಕದ ಮೇಜಿನಲ್ಲಿ ಮೊಮ್ಮಗಳು ಹೋಂವರ್ಕ್ ಬರೆಯುತ್ತಿದ್ದರೆ ಅಲ್ಲಿ ಅಳೆಯಿರಿ. ತಾತನಿಗೆ 75 ಇದ್ದದ್ದು ಅಲ್ಲಿ 80 ದಾಟಿರಬಹುದು.

ಸಂಜೆ ಹಿತವೆನಿಸಿದ ಮಟ್ಟದಲ್ಲೇ ಗುಂಡಿಯನ್ನು ಬಿಟ್ಟು ಮಲಗಿ. ಬೆಳಿಗ್ಗೆ ಹಾಕಿದ ಕೂಡಲೇ ಬೆಚ್ಚಿಬಿದ್ದರೆ ಹಿಂದಿನ ಸಂಜೆ ನಿಮ್ಮ ಕಿವಿ ದಣಿದು ಮಂಕಾಗಿತ್ತು, ನೀವು ಅದಕ್ಕೆ ತಕ್ಕಂತೆ ಏರಿಸುತ್ತಾ ಹೋಗಿದ್ದಿರಿ ಎಂದರ್ಥ. ಕೇಳಿದ ಮೇಲೆ ಕಿವಿ ಗುಂಯ್‌ಗುಟ್ಟಿದರೂ ಅಷ್ಟೇ. ವಿದ್ಯಾರ್ಥಿಯಾಗಿದ್ದಾಗ ಗಣೇಶನ ಮೆರವಣಿಗೆಯೊಂದರಲ್ಲಿ ಧ್ವನಿವರ್ಧಕದ ಗಾಡಿಯ ಹಿಂದೆಯೇ ನಡೆದು ಮೂರು ದಿನ ಆ ಗುಂಯ್ ಅನುಭವಿಸಿದ್ದೇನೆ. ರಾತ್ರಿ ನಿಶ್ಶಬ್ದವಾದಾಗ ಅದು ಎಷ್ಟು ಹೆದರಿಸುತ್ತದೆಂದು ಅನುಭವಿಸಿದವರೇ ಬಲ್ಲರು.

ಮೆಲ್ಲಗೆ ಇಟ್ಟರೆ ಸಪ್ಪೆ ಎನ್ನುವವರ ಮಾತಿನಲ್ಲೂ ಸತ್ಯವಿದೆ. ಶಬ್ದ ತಗ್ಗಿದಂತೆ ನಮ್ಮ ಕಿವಿ ಕೆಳಸ್ವರಗಳನ್ನು ಹೆಚ್ಚು ಕಳೆದುಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಇದನ್ನು 1933ರಲ್ಲೇ ಅಳೆದು ತೋರಿಸಿದರು. ಅದಕ್ಕೆ ಮದ್ದು ಒಟ್ಟು ಶಬ್ದ ಏರಿಸುವುದಲ್ಲ, ಕೆಳಸ್ವರವನ್ನು ಮಾತ್ರ ಕೊಂಚ ಏರಿಸುವುದು. ಪೆಟ್ಟಿಗೆಯನ್ನು ಗೋಡೆಯ ಸಮೀಪ ಸರಿಸಿದರೂ ಕೆಳಸ್ವರ ತಾನಾಗಿ ಉಬ್ಬುತ್ತದೆ. ಮೂಲೆಗೆ ತಳ್ಳಿದರೆ ಮಾತ್ರ ಗುಡುಗುಡು ಎನ್ನುತ್ತದೆ, ಪಕ್ಕದ ಮನೆಯವರ ಗೋಡೆಯೂ ನಡುಗುತ್ತದೆ. ಎರಡು ಪೆಟ್ಟಿಗೆ ಮತ್ತು ನಿಮ್ಮ ತಲೆ ಸಮಭುಜ ತ್ರಿಕೋನವಾಗಲಿ, ಚಿಕ್ಕ ಕೋನು ಕಿವಿಯ ಎತ್ತರಕ್ಕಿರಲಿ. ಶಬ್ದದ ಗುಂಡಿ ಹಲವು ಮಾನಿಟರುಗಳಲ್ಲಿ ಬೆನ್ನಿಗಿರುತ್ತದೆ. ಕೈಗೆ ಸಿಗದ ಗುಂಡಿಯನ್ನು ಯಾರೂ ಇಳಿಸುವುದಿಲ್ಲ. ಮುಂದೆ ಗುಂಡಿ ಇರುವುದನ್ನು ಕೊಳ್ಳಿ, ಇಲ್ಲವೇ ಮೇಜಿನ ಮೇಲಿಡುವ ಪ್ರತ್ಯೇಕ ಗುಂಡಿಯೊಂದನ್ನು ಜೋಡಿಸಿಕೊಳ್ಳಿ.

ಒಂದು ಎಚ್ಚರಿಕೆ. ಈ ಪೆಟ್ಟಿಗೆಗಳ ಒಳಗೆ ಮನೆಯ ಕರೆಂಟೇ ಹರಿಯುತ್ತದೆ. ಹಮ್ ಎಂಬ ಸದ್ದು ಬಂದರೆ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗ್ ಪಿನ್ನನ್ನು ತೆಗೆದುಬಿಡಿ ಎಂದು ಬುದ್ಧಿ ಹೇಳುವವರಿದ್ದಾರೆ. ಸದ್ದು ನಿಲ್ಲಬಹುದು, ಅದರ ಜೊತೆಗೆ ನಿಮ್ಮ ರಕ್ಷಣೆಯೂ ಹೋಗುತ್ತದೆ. ಎರಡು ಪೆಟ್ಟಿಗೆಗಳನ್ನೂ ಹಾಡಿಸುವ ಯಂತ್ರವನ್ನೂ ಒಂದೇ ಪ್ಲಗ್ಗಿನಿಂದ ಕೊಟ್ಟು ನೋಡಿ, ಆಗಲೂ ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಮೊದಲು ಹೇಳಿದ ನೌಕರರ ವಿಷಯ. ಸಕ್ಕರೆ, ಒತ್ತಡ ಎರಡನ್ನೂ ಗಮನಿಸುತ್ತಾ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಎಡಗಿವಿಯ ಕೆಳಸ್ವರಗಳು ಬಹುಮಟ್ಟಿಗೆ ಹಿಂದಿರುಗಿದ್ದವು, ಮೇಲುಸ್ವರಗಳು ಇರಲಿಲ್ಲ. ತಂಬೂರಿಯ ಝೇಂಕಾರ ಬಲಗಡೆಯೇ ಹೆಚ್ಚು ಎನ್ನುತ್ತಾರೆ. ಎಡಪೆಟ್ಟಿಗೆಯ ಗುಂಡಿಯನ್ನು ಏರಿಸಿಕೊಳ್ಳಲೇ ಎಂದು ಕೇಳಿದರು. ಬೇಡ, ಬಲದ್ದನ್ನೇ ಸ್ವಲ್ಪ ಇಳಿಸಿ ಎಂದೆ. ಅದೇ ಹಳೆಯ ಜೊತೆಯನ್ನೇ ಇಟ್ಟುಕೊಂಡಿದ್ದಾರೆ. ಒಂದು ದಿನ ಅಂಗಡಿಗೆ ಹೋಗಿ, "ನಿನ್ನ ಪೆಟ್ಟಿಗೆ ಸರಿಯಾಗೇ ಇತ್ತಪ್ಪಾ, ಸುಮ್ಮನೆ ಬೈದೆ" ಎಂದು ಹೇಳಿ ಬಂದರಂತೆ.