ಹೇಳದೆಯೇ ತಿಳಿಯುವ ಮಾತು

ಬೀದಿಯ ಬಾಗಿಲು ಕಿರುಗುಟ್ಟಿತು. ಹಜಾರದಲ್ಲಿ ಕುಳಿತಿದ್ದ ಅಜ್ಜಿ ಯಾರನ್ನೋ ‘ಬನ್ನಿ, ಬನ್ನಿ’ ಎಂದು ಬರಮಾಡಿಕೊಂಡದ್ದು ಕೇಳಿಸಿತು. ಅಡಿಗೆಮನೆಯಲ್ಲಿದ್ದ ತಾಯಿ ಒಂದು ಮಾತನ್ನೂ ಆಡದೆ ಕಾಫಿಯ ಪಾತ್ರೆಗೆ ಇನ್ನೊಂದು ಲೋಟ ನೀರು ಸೇರಿಸಿದರು. ಅವರಿಗೆ ಯಾರೂ ಹೇಳಲಿಲ್ಲ, ಯಾರೂ ಚೀಟಿ ಬರೆದು ಕಳುಹಿಸಲಿಲ್ಲ. ಕೈ ತನ್ನ ಕೆಲಸದಲ್ಲಿದ್ದರೂ ಕಿವಿ ಹಜಾರದ ಕಡೆಗಿತ್ತು, ಅಷ್ಟೇ ಸಾಕಾಯಿತು.

ಇಷ್ಟು ಸಣ್ಣ ಸಂಗತಿಯನ್ನು ಶಾಸ್ತ್ರದ ವಿಷಯವನ್ನಾಗಿ ಮಾಡಿಕೊಂಡ ವಿದ್ವಾಂಸರಿದ್ದಾರೆಂದರೆ ಓದುಗರಿಗೆ ಆಶ್ಚರ್ಯವಾದೀತು. ಅವರ ಶಾಸ್ತ್ರ ಹುಟ್ಟಿದ್ದು ಅಡಿಗೆಮನೆಯಲ್ಲಲ್ಲ, ಕಂಪ್ಯೂಟರಿನ ಸುತ್ತಮುತ್ತ.

ಒಂದೇ ತೆರೆ, ಇಬ್ಬರ ಕೆಲಸ

1968ರ ಡಿಸೆಂಬರ್ 9ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಎಂಬ ಎಂಜಿನಿಯರರು ಸುಮಾರು ಸಾವಿರ ಮಂದಿ ತಜ್ಞರ ಮುಂದೆ 90 ನಿಮಿಷಗಳ ಒಂದು ಪ್ರಯೋಗವನ್ನು ನಡೆಸಿ ತೋರಿಸಿದರು. ಇಂದು ಮನೆಮನೆಯ ಮೇಜಿನ ಮೇಲಿರುವ ‘ಮೌಸ್’ ಅಂದು ಸಭೆಯ ಕಣ್ಣಿಗೆ ಬಿತ್ತು. ಆದರೆ ಅದಕ್ಕಿಂತ ದೊಡ್ಡ ಸೋಜಿಗ ಬೇರೊಂದಿತ್ತು. ಸುಮಾರು 30 ಮೈಲಿ ದೂರದ ಮೆನ್ಲೋ ಪಾರ್ಕಿನಲ್ಲಿ ಕುಳಿತಿದ್ದ ಸಹೋದ್ಯೋಗಿಯ ಮುಖ ಆ ತೆರೆಯ ಮೇಲೆ ಮೂಡಿತು. ಇಬ್ಬರೂ ಒಂದೇ ಬರಹವನ್ನು ಎದುರಿಗಿಟ್ಟುಕೊಂಡು ಮಾತನಾಡಿದರು. ಲೆಕ್ಕ ಮಾಡುವ ಯಂತ್ರವು ಮನುಷ್ಯರನ್ನು ಕೂಡಿಸುವ ಯಂತ್ರವೂ ಆಗಬಲ್ಲದೆಂಬುದು ಅಂದು ಪ್ರತ್ಯಕ್ಷವಾಯಿತು.

ಈ ಯೋಚನೆಗೆ ಹೆಸರು ದೊರೆಯಲು ಮತ್ತೆ ಹದಿನಾರು ವರ್ಷ ಹಿಡಿಯಿತು. ಐರೀನ್ ಗ್ರೈಫ್ ಮತ್ತು ಪಾಲ್ ಕ್ಯಾಶ್‌ಮನ್ ಎಂಬಿಬ್ಬರು 1984ರಲ್ಲಿ ಒಂದು ಸಣ್ಣ ಗೋಷ್ಠಿಯನ್ನು ಸೇರಿಸಿ, ‘ಕಂಪ್ಯೂಟರ್ ನೆರವಿನ ಸಹಕಾರಿ ಕಾರ್ಯ’ ಎಂಬರ್ಥದ ಹೆಸರನ್ನು ಅದಕ್ಕೆ ಇಟ್ಟರು. 1986ರಲ್ಲಿ ಟೆಕ್ಸಸ್ ಸಂಸ್ಥಾನದ ಆಸ್ಟಿನ್ ನಗರದಲ್ಲಿ ಇದರ ಮೊದಲ ಸಮ್ಮೇಳನ ನೆರೆಯಿತು. ಆದರೆ ಸಹಕಾರಕ್ಕೆ ನೆರವಾಗುವ ಯಂತ್ರವನ್ನು ಕಟ್ಟಬೇಕಾದರೆ ಜನರು ಸಹಕರಿಸುವ ಬಗೆ ಮೊದಲು ತಿಳಿದಿರಬೇಕಷ್ಟೆ? ಅದು ಯಾವ ಕಚೇರಿಯ ನಿಯಮಾವಳಿಯಲ್ಲಿಯೂ ಬರೆದಿರಲಿಲ್ಲ. ಆದಕಾರಣ ಸಮಾಜಶಾಸ್ತ್ರಜ್ಞರು ಕೆಲಸದ ಸ್ಥಳಗಳಿಗೇ ಹೋಗಿ, ಕೆಲಸಗಾರರ ಪಕ್ಕದಲ್ಲಿ ಕುಳಿತು ನೋಡತೊಡಗಿದರು.

ನೆಲದಡಿಯ ರೈಲು, ಆಕಾಶದ ವಿಮಾನ

ಹಾಗೆ ನೋಡಿದವರಲ್ಲಿ ಕ್ರಿಶ್ಚಿಯನ್ ಹೀತ್ ಮತ್ತು ಪಾಲ್ ಲಫ್ ಪ್ರಸಿದ್ಧರು. ಲಂಡನ್ನಿನ ನೆಲದಡಿಯ ರೈಲುಗಳಲ್ಲಿ ಬೇಕರ್‌ಲೂ ಮಾರ್ಗವೆಂಬುದೊಂದು. ಅದರ ನಿಯಂತ್ರಣ ಕೊಠಡಿ ಬೇಕರ್ ಸ್ಟ್ರೀಟಿನಲ್ಲಿತ್ತು. ಅಲ್ಲಿ ಮುಖ್ಯರಾದವರು ಇಬ್ಬರು. ರೈಲುಗಳ ಓಡಾಟವನ್ನು ಸರಿದೂಗಿಸುವ ನಿಯಂತ್ರಕ ಒಬ್ಬ. ನಿಲ್ದಾಣಗಳಲ್ಲಿ ಕಾದಿರುವ ಪ್ರಯಾಣಿಕರಿಗೆ ಧ್ವನಿವರ್ಧಕದ ಮೂಲಕ ಸುದ್ದಿ ಹೇಳುವ ಸಹಾಯಕ ಇನ್ನೊಬ್ಬ. ಇಬ್ಬರ ಕೆಲಸವೂ ಬೇರೆ, ಮುಖಕ್ಕೆ ಮುಖ ಕೊಟ್ಟು ಮಾತನಾಡುವುದೂ ಕಡಿಮೆ. ಆದರೂ ನಿಯಂತ್ರಕನು ರೈಲಿನ ಚಾಲಕನನ್ನು ಕರೆದು ಸ್ವಲ್ಪ ತಡೆದು ನಿಲ್ಲುವಂತೆ ಹೇಳುತ್ತಿರುವಾಗಲೇ ಪಕ್ಕದ ಸಹಾಯಕನ ಕೈ ಧ್ವನಿವರ್ಧಕದ ಗುಂಡಿಯತ್ತ ಸಾಗಿರುತ್ತಿತ್ತು. ನಿಯಂತ್ರಕನೂ ಅಷ್ಟೆ, ವೇಳಾಪಟ್ಟಿಯನ್ನು ತಿದ್ದುವಾಗ ತನಗೆ ತಾನೇ ಹೇಳಿಕೊಳ್ಳುವವನಂತೆ ಗಟ್ಟಿಯಾಗಿ ಓದುತ್ತಿದ್ದ. ಹೊರಗಿನವರಿಗೆ ಅದು ಗೊಣಗಾಟ, ಬಳಿಯಲ್ಲಿದ್ದವರಿಗೆ ಸಮಾಚಾರ. ಅಡಿಗೆಮನೆಯ ತಾಯಿಯ ಜಾಣ್ಮೆ ಇದೇ ಅಲ್ಲವೇ?

ಲಂಡನ್ನಿನ ಬಳಿಯ ವೆಸ್ಟ್ ಡ್ರೇಟನ್ನಿನಲ್ಲಿ ವಿಮಾನ ಸಂಚಾರವನ್ನು ನಿಯಂತ್ರಿಸುವ ಕೇಂದ್ರವಿತ್ತು. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ವಿದ್ವಾಂಸರು ಅಲ್ಲಿ ಕಂಡದ್ದು ಇನ್ನೂ ಸ್ವಾರಸ್ಯವಾಗಿದೆ. ಎದುರಿಗೆ ರಾಡಾರ್ ತೆರೆಯಿದ್ದರೂ ಪ್ರತಿಯೊಂದು ವಿಮಾನಕ್ಕೂ ಒಂದೊಂದು ಕಾಗದದ ಪಟ್ಟಿಯಿತ್ತು. ವಿಮಾನದ ಗುರುತು, ಮಾರ್ಗ, ಹಾರುವ ಎತ್ತರ ಅದರಲ್ಲಿ ಅಚ್ಚಾಗಿರುತ್ತಿದ್ದವು. ಪೈಲಟ್ಟಿಗೆ ಕೊಟ್ಟ ಪ್ರತಿಯೊಂದು ಸೂಚನೆಯನ್ನೂ ನಿಯಂತ್ರಕರು ಅದರ ಮೇಲೆ ಕೈಯಾರೆ ಬರೆಯುತ್ತಿದ್ದರು. ಎಲ್ಲಾದರೂ ತೊಡಕು ಬರಬಹುದೆಂದು ತೋರಿದರೆ ಆ ಪಟ್ಟಿಯನ್ನು ಸಾಲಿನಿಂದ ಕೊಂಚ ಹೊರಕ್ಕೆ ಎಳೆದಿಡುತ್ತಿದ್ದರು. ಪಕ್ಕದವರು ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಎಷ್ಟು ಕೆಲಸ ಬಾಕಿಯಿದೆ, ಎಲ್ಲಿ ಎಚ್ಚರ ಬೇಕು ಎಂಬುದೆಲ್ಲ ತಿಳಿಯುತ್ತಿತ್ತು. ‘ಕಾಗದವೆಂದರೆ ಹಳೆಯ ಕಾಲದ್ದು, ಅಳಿಸಿಬಿಡಿ’ ಎನ್ನುವುದು ಸುಲಭ. ಆದರೆ ಆ ಕಾಗದವು ಸಲ್ಲಿಸುತ್ತಿದ್ದ ಸೇವೆಯನ್ನು ಅರಿಯದೆ ಅದನ್ನು ತೆಗೆದುಹಾಕುವುದು ಅಪಾಯಕರವೆಂದು ಅವರು 1992ರಲ್ಲಿ ತಿಳಿಸಿದರು.

ನಿಂತುಹೋದ ಆಂಬುಲೆನ್ಸ್ ಯಂತ್ರ

ಅದೇ ವರ್ಷ, ಅದೇ ನಗರದಲ್ಲಿ, ಈ ಎಚ್ಚರಿಕೆ ಎಷ್ಟು ನಿಜವೆಂಬುದು ಕಣ್ಣಿಗೆ ಬಿತ್ತು. ಸುಮಾರು 600 ಚದರ ಮೈಲಿಗಳ ಲಂಡನ್ನಿಗೆ ಆಂಬುಲೆನ್ಸ್ ಕಳುಹಿಸುವ ಕೊಠಡಿಯಲ್ಲಿ ಅದುವರೆಗೆ ಕರೆಗಳನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು. ಒಂದೇ ಅಪಘಾತಕ್ಕೆ ಎರಡು ಕರೆ ಬಂದರೆ ಗುರುತಿಸುವುದು, ಯಾವ ಗಾಡಿಯನ್ನು ಕಳುಹಿಸಬೇಕೆಂದು ನಿರ್ಧರಿಸುವುದು ಎಲ್ಲವೂ ಅನುಭವಸ್ಥರ ಕೆಲಸವಾಗಿತ್ತು. 1992ರ ಅಕ್ಟೋಬರ್ 26ರಂದು ಈ ಹೊಣೆಯನ್ನು ಕಂಪ್ಯೂಟರಿಗೆ ವಹಿಸಲಾಯಿತು. ಅದರೊಡನೆ ಕೊಠಡಿಯ ಆಸನಗಳ ವ್ಯವಸ್ಥೆಯೂ ಬದಲಾಗಿ, ಒಟ್ಟಿಗೆ ಕುಳಿತು ತೊಡಕು ಬಿಡಿಸುತ್ತಿದ್ದವರು ಬೇರೆಬೇರೆಯಾದರು.

ಗಾಡಿಗಳು ಎಲ್ಲಿವೆಯೆಂಬುದು ಯಂತ್ರಕ್ಕೆ ಸರಿಯಾಗಿ ತಿಳಿಯಲಿಲ್ಲ. ಒಂದೇ ಸ್ಥಳಕ್ಕೆ ಎರಡು ಗಾಡಿಗಳು ಹೋದವು. ಹತ್ತಿರದ್ದನ್ನು ಬಿಟ್ಟು ದೂರದ್ದು ಹೊರಟಿತು. ಎಚ್ಚರಿಕೆಯ ಸಂದೇಶಗಳು ತೆರೆಯ ಮೇಲೆ ಹೊಸವು ಬಂದಂತೆಲ್ಲ ಹಳೆಯವು ಮರೆಯಾದವು. ಆಂಬುಲೆನ್ಸ್ ಬಾರದೆ ಗಾಬರಿಯಾದವರು ಮತ್ತೆ ಮತ್ತೆ ಕರೆದರು. ಅದರಿಂದ ಗೊಂದಲ ಮತ್ತಷ್ಟು ಹೆಚ್ಚಿತು. ಮರುದಿನವೇ ಅರೆಬರೆ ಹಳೆಯ ಪದ್ಧತಿಗೆ ಮರಳಬೇಕಾಯಿತು. ನವೆಂಬರ್ 4ರಂದು ಯಂತ್ರ ಪೂರ್ತಿಯಾಗಿ ನಿಂತುಹೋಯಿತು. ಕಾಗದ ಮತ್ತೆ ಹೊರಬಂದಿತು. ತಂತ್ರದ ದೋಷಗಳು ಅನೇಕವಿದ್ದವು, ನಿಜ. ಆದರೆ ಮನುಷ್ಯರು ಮೌನವಾಗಿ ಮಾಡುತ್ತಿದ್ದ ತಿದ್ದುಪಡಿಗೆ ಅಲ್ಲಿ ಎಡೆಯೇ ಉಳಿದಿರಲಿಲ್ಲವೆಂಬುದೂ ಅಷ್ಟೇ ನಿಜ.

ದುಡಿತ ಯಾರದು, ಫಲ ಯಾರಿಗೆ?

ಇಂಥ ಯಂತ್ರಗಳು ಸೋಲುವುದಕ್ಕೆ ಇನ್ನೊಂದು ಕಾರಣವನ್ನು ಜೊನಾಥನ್ ಗ್ರೂಡಿನ್ 1988ರಲ್ಲಿಯೇ ತೋರಿಸಿದ್ದರು. ಕಚೇರಿಯವರೆಲ್ಲರೂ ತಮ್ಮ ತಮ್ಮ ದಿನಚರಿಯನ್ನು ಕಂಪ್ಯೂಟರಿನಲ್ಲಿ ತುಂಬಿಸಿಟ್ಟರೆ ಸಭೆ ಕರೆಯುವ ಮೇಲಧಿಕಾರಿಗೆ ಬಹಳ ಅನುಕೂಲ. ಆದರೆ ತುಂಬಿಸುವ ಶ್ರಮ ಕೈಕೆಳಗಿನವರದು. ಅವರಿಗೆ ದೊರೆಯುವ ಲಾಭ ಅತ್ಯಲ್ಪ. ಹೀಗಾಗಿ ದಿನಚರಿ ಖಾಲಿ ಉಳಿಯುತ್ತದೆ, ಯಂತ್ರ ಮೂಲೆ ಸೇರುತ್ತದೆ. ಜನರನ್ನು ಸೋಮಾರಿಗಳೆಂದು ಜರೆಯುವ ಮೊದಲು ದುಡಿತ ಯಾರದು, ಫಲ ಯಾರಿಗೆ ಎಂದು ಕೇಳಿಕೊಳ್ಳುವುದು ನ್ಯಾಯ.

2020ರಲ್ಲಿ ಕೊರೋನಾ ಬಂದಾಗ ಎಷ್ಟೋ ಮನೆಗಳ ಹಜಾರವೇ ಕಚೇರಿಯಾಯಿತು, ಶಾಲೆಯಾಯಿತು. ಎಂಗಲ್‌ಬಾರ್ಟರು ಅಂದು ತೋರಿಸಿದ್ದ ಕೌತುಕವು ನಮ್ಮ ಮಕ್ಕಳ ನಿತ್ಯದ ಪಾಠವಾಯಿತು. ಅದಿಲ್ಲದಿದ್ದರೆ ಎಲ್ಲವೂ ನಿಂತುಹೋಗುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೂ ಏನೋ ಕೊರತೆಯೆಂದು ಅನೇಕರಿಗೆ ಅನ್ನಿಸಿದ್ದೇಕೆ? ತೆರೆಯ ಮೇಲೆ ಮುಖ ಕಂಡಿತು, ಮಾತು ಕೇಳಿತು. ಪಕ್ಕದವರ ನಿಟ್ಟುಸಿರು, ಹಿಂದಿನ ಬೆಂಚಿನ ಪಿಸುಮಾತು ಮಾತ್ರ ಕೇಳಿಸಲಿಲ್ಲ.

ಹೊಸ ಯಂತ್ರವನ್ನು ತರುವವರು ಮೊದಲು ಕೆಲವು ದಿನ ಕೆಲಸಗಾರರ ಬಳಿಯಲ್ಲಿ ಸುಮ್ಮನೆ ಕುಳಿತು ನೋಡಲಿ. ಈ ಶಾಸ್ತ್ರದ ಸಾರ ಇಷ್ಟೆ. ಯಂತ್ರ ಮನೆಗೆ ಬರಲಿ. ಹಜಾರಕ್ಕೂ ಅಡಿಗೆಮನೆಗೂ ನಡುವಿನ ಬಾಗಿಲನ್ನು ಮಾತ್ರ ಅದು ಮುಚ್ಚದಿರಲಿ.