ದೋಣಿ ಸಾಗದ ಕಾಲುವೆ



ಸ್ವಾರಗೇಟ್ ಬಳಿ ಮುಠಾ ಕಾಲುವೆ ದಾಟುವಾಗ, ಇಲ್ಲೊಂದು ದೋಣಿ ಬಿಟ್ಟರೆ ಹೇಗೆ ಅಂತ ನಿಮಗೂ ಅನ್ನಿಸಿರಬಹುದು. ಆದರೆ 1879ರಲ್ಲಿ ಮುಗಿದ ಖಡಕ್‌ವಾಸ್ಲಾ ಅಣೆಕಟ್ಟಿನ ಈ ಕಾಲುವೆ ಇರುವುದು ಊರಿಗೆ, ಹೊಲಕ್ಕೆ ನೀರು ಕೊಡಲು.

ದೋಣಿಗಳಿಗೆಂದೇ ತೋಡಿದ್ದು ಬಕಿಂಗ್‌ಹ್ಯಾಮ್ ಕಾಲುವೆ. 1806ರಲ್ಲಿ ಶುರುವಾಗಿ, ಆಂಧ್ರದ ಪೆದ್ದಗಂಜಾಂನಿಂದ ಚೆನ್ನೈ ಮೂಲಕ ಮರಕ್ಕಾಣಂವರೆಗೆ ಸುಮಾರು 420 ಕಿ.ಮೀ. ಬೆಳೆಯಿತು. ಉಪ್ಪು, ಸೌದೆ ಇದರಲ್ಲೇ ಮದ್ರಾಸಿಗೆ ಬರುತ್ತಿದ್ದವು.

ಇವತ್ತು ಹಳೇ ದೋಣಿಯೊಂದನ್ನು ಈ ದಾರಿಯಲ್ಲಿ ತಲುಪಿಸಬೇಕೆಂದರೆ? ಹೂಳು ತುಂಬಿದಲ್ಲಿ ದೋಣಿಯ ತಳ ನೆಲಕ್ಕೆ ತಾಗುತ್ತದೆ. ನೀರಿನ ಮಟ್ಟ ಕಾಯುತ್ತಿದ್ದ ಲಾಕ್‌ಗೇಟುಗಳು ಹಾಳುಬಿದ್ದಿವೆ. ಚೆನ್ನೈನಲ್ಲಂತೂ ಎಂಆರ್‌ಟಿಎಸ್ ರೈಲಿನ ಕಂಬಗಳು ಕಾಲುವೆಯೊಳಗೇ ನಿಂತಿವೆ. ಅಲ್ಲಿ ದೋಣಿಯನ್ನು ಲಾರಿಗೆ ಏರಿಸದೆ ಗತಿಯಿಲ್ಲ! 2008ರಲ್ಲಿ ಇದನ್ನು ರಾಷ್ಟ್ರೀಯ ಜಲಮಾರ್ಗ-4ಕ್ಕೆ ಸೇರಿಸಿದ್ದೂ ಉಂಟು.

ನಷ್ಟ ದೋಣಿಗೆ ಮಾತ್ರವಲ್ಲ. 2004ರ ಸುನಾಮಿಯಲ್ಲಿ ಇದೇ ಕಾಲುವೆ ಅಲೆಯ ನೀರನ್ನು ನುಂಗಿ ಹಲವರ ಜೀವ ಉಳಿಸಿತು. ನಮ್ಮ ಮುಠಾ ಕಾಲುವೆಯ ದಂಡೆ 2018ರ ಸೆಪ್ಟೆಂಬರ್ 27ರಂದು ಒಡೆದಾಗ, ದಾಂಡೇಕರ್ ಸೇತುವೆಯ ಆಸುಪಾಸಿನ ಮನೆಗಳಿಗೆ ನೀರು ನುಗ್ಗಿತು. ದೋಣಿ ಓಡಾಡುವ ಕಾಲುವೆಯ ಮೇಲೆ ಅಂಬಿಗರ ಕಣ್ಣಿರುತ್ತದೆ. ನಮ್ಮದರ ಮೇಲೆ ನಮ್ಮ ಕಣ್ಣೇ ಇರಬೇಕು. ದಂಡೆಯಲ್ಲಿ ಬಿರುಕು ಕಂಡರೆ ನೀರಾವರಿ ಇಲಾಖೆಗೆ ಒಂದು ಮಾತು ತಿಳಿಸಿ.